ಘಟ್ಟದ ನಡುವೆ ಗೇರು ಕೈಕೊಟ್ಟರೆ

ಮೋಟಾರಿನ ಗೇರಿನ ವಿಷಯವನ್ನು ಈ ಪುಟದಲ್ಲಿ ಕಂಡು, ಇದು ಧಣಿಗಳಿಗಾಗಿ ಬರೆದುದು, ನಮಗಲ್ಲ ಎಂದು ಕೆಲವು ವಾಚಕರು ಪುಟ ತಿರುವಿಬಿಡಬಹುದು. ಅದರಲ್ಲಿಯೂ ಸ್ಪೋರ್ಟ್ಸ್ ಕಾರು! ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೂ, ಆಫೀಸಿನ ಮೇಜಿಗೆ ಬಾಗಿ ಲೆಕ್ಕ ಬರೆಯುವವನಿಗೂ ಅದರ ಗೊಡವೆಯೇಕೆ? ಆದರೆ ಧಣಿಗಳ ಮಗ ಹೊಸ ಕಾರು ಕೊಂಡು, ಶ್ರಾವಣ ಸೋಮವಾರ ಅದನ್ನು ತ್ರ್ಯಂಬಕೇಶ್ವರನ ಬಾಗಿಲಿಗೆ ಒಯ್ದು ಪೂಜೆ ಮಾಡಿಸಿಕೊಂಡು ಬರೋಣವೆಂದು ಹೊರಟಾಗ ಪಕ್ಕದ ಸೀಟಿನಲ್ಲಿ ತೆಂಗಿನಕಾಯಿ ಹಿಡಿದು ಕೂರುವವನು ಹೆಚ್ಚಾಗಿ ನಮ್ಮವನೇ. ಎಷ್ಟೋ ವೇಳೆ ಚಕ್ರ ಹಿಡಿದವನೂ ನಮ್ಮವನೇ. ಕಾರಿನ ಬೆಲೆ ಎಷ್ಟಾದರೂ ಇರಲಿ, ಘಟ್ಟದಲ್ಲಿ ಅದು ಹದ ತಪ್ಪಿದರೆ ಒಳಗಿರುವವರ ಪ್ರಾಣಕ್ಕೆ ಬೆಲೆ ಒಂದೇ.

ಮುಂಬಯಿಯಿಂದ ತ್ರ್ಯಂಬಕಕ್ಕೆ ಹೋಗುವವರಿಗೆ ಕಸಾರಾ ಘಟ್ಟದ ಪರಿಚಯ ಹೇಳಿಕೊಡಬೇಕಾಗಿಲ್ಲ. 1865ರಲ್ಲಿ ಕಸಾರಾದಿಂದ ಇಗತಪುರಿಗೆ ರೈಲು ಹತ್ತಿದಾಗ ಅಲ್ಲಿಯ ಏರು 37 ಅಡಿಗೆ ಒಂದು ಅಡಿಯಷ್ಟಿತ್ತು. ಇಂದಿಗೂ ಅಷ್ಟೇ ಇದೆ. ಹೆಚ್ಚಿನ ಗಾಡಿಗಳಿಗೆ ಕಸಾರಾದಲ್ಲಿ ಹಿಂದಿನಿಂದ ಬೇರೆ ಇಂಜಿನುಗಳನ್ನು ಕಟ್ಟಿ ನೂಕಿಸುವುದನ್ನು ರೈಲಿನಲ್ಲಿ ಹೋದವರೆಲ್ಲ ಕಂಡಿದ್ದಾರೆ. ರಸ್ತೆಯ ಏರು ಇದಕ್ಕಿಂತಲೂ ಕಡಿದು. 2025ರ ಜೂನ್ 5ರಂದು ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗ ತೆರೆದು, ಇಗತಪುರಿಯ ಬಳಿ ಸುಮಾರು 8 ಕಿಲೋಮೀಟರಿನ ಸುರಂಗದೊಳಗಿಂದ ಹಾದುಹೋಗುವ ಅನುಕೂಲವಾಯಿತೆಂಬುದು ನಿಜ. ಆದರೂ ಹಳೆಯ ಘಟ್ಟದ ಮೇಲಿನ ಸಂಚಾರ ನಿಂತಿಲ್ಲ. ಜವ್ಹಾರ, ಮೊಖಾಡಾಗಳ ಮೇಲಿಂದ ತ್ರ್ಯಂಬಕಕ್ಕೆ ಬರುವ ದಾರಿಯಂತೂ ತಿರುವು ಮುರುವುಗಳದ್ದೇ. ಆಗುಂಬೆಯ 14 ತಿರುವುಗಳನ್ನು ಇಳಿದು ಬಂದ ನಮ್ಮವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಹೊಸತು ಇರುವುದು ವಾಹನದಲ್ಲಿ.

ಗೇರಿನ ಕೆಲಸವೇನು? ಮೋಟಾರಿನ ಇಂಜಿನು ತಕ್ಕಷ್ಟು ವೇಗವಾಗಿ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಶಕ್ತಿ. ಏರಿನಲ್ಲಿ ಚಕ್ರ ನಿಧಾನವಾದರೂ ಇಂಜಿನು ವೇಗವಾಗಿ ತಿರುಗುತ್ತಿರುವಂತೆ ನಡುವೆ ಹಲ್ಲುಚಕ್ರಗಳ ಜೋಡಣೆಯನ್ನು ಬದಲಿಸುವುದೇ ಗೇರು. ಇಳಿಜಾರಿನಲ್ಲಿ ಇದೇ ಜೋಡಣೆ ತಿರುವುಮುರುವಾಗಿ, ಇಂಜಿನು ಚಕ್ರವನ್ನು ತಡೆದು ಹಿಡಿಯುತ್ತದೆ. ಏರುವಾಗ ಗೇರು ಹೋದರೆ ಕಾರು ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಹೋದರೆ ಕಾರು ನಿಲ್ಲುವುದಿಲ್ಲ. ಭಯಪಡತಕ್ಕದ್ದು ಎರಡನೆಯದಕ್ಕೆ.

ಇನ್ನು ಸ್ಪೋರ್ಟ್ಸ್ ಕಾರಿನ ವಿಶೇಷ. ಇಂತಹ ಅನೇಕ ಕಾರುಗಳಲ್ಲಿ ಇಂಜಿನು ಚಾಲಕನ ಬೆನ್ನ ಹಿಂದೆ ಇರುತ್ತದೆ. ಗೇರ್‌ಬಾಕ್ಸೂ ಅಲ್ಲಿಯೇ. ಕೈಯಲ್ಲಿ ಹಿಡಿಯುವ ಗೇರಿನ ಕೋಲು ಮಾತ್ರ ಮುಂದೆ. ಇವೆರಡರ ನಡುವೆ ಉದ್ದನೆಯ ಸರಳೋ, ಬೈಸಿಕಲ್ಲಿನ ಬ್ರೇಕಿಗೆ ಇರುವಂತಹ ಕೊಳವೆಯೊಳಗಿನ ತಂತಿಯೋ ಇರುತ್ತದೆ. ತಂತಿಯ ತುದಿಯನ್ನು ಕೋಲಿಗೆ ಜೋಡಿಸುವುದು ಎಷ್ಟೋ ಕಾರುಗಳಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ಕಿನ ಬಟ್ಟಲು. ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಆ ಬಟ್ಟಲೊಂದು ಒಡೆದರೆ ದಾರಿಯಲ್ಲಿ ಕೂರುತ್ತದೆ! ಆಗ ಕೋಲು ಸಾಂಬಾರಿನಲ್ಲಿಟ್ಟ ಸೌಟಿನಂತೆ ಅತ್ತಿತ್ತ ಸಡಿಲವಾಗಿ ಆಡುತ್ತದೆ. ಗೇರ್‌ಬಾಕ್ಸು ಹೋಯಿತೆಂದು ಎದೆ ಒಡೆದುಕೊಳ್ಳಬೇಕಾಗಿಲ್ಲ. ಒಳಗಿನ ಚಕ್ರಗಳು ಕ್ಷೇಮವಾಗಿಯೇ ಇದ್ದು, ತಂತಿ ಹರಿಯುವಾಗ ಯಾವ ಗೇರಿನಲ್ಲಿದ್ದುವೋ ಅದರಲ್ಲಿಯೇ ಉಳಿದಿರುತ್ತವೆ.

ಕೋಲು ಗಟ್ಟಿಯಾಗಿದ್ದು, ಇಂಜಿನು ನಡೆಯುತ್ತಿರುವಾಗ ಮಾತ್ರ ಗೇರು ಬೀಳದೆ, ಇಂಜಿನನ್ನು ನಿಲ್ಲಿಸಿದೊಡನೆ ಸಲೀಸಾಗಿ ಬಿದ್ದರೆ ದೋಷ ಗೇರಿನದಲ್ಲ, ಕ್ಲಚ್ಚಿನದು. ಕ್ಲಚ್ಚನ್ನು ಬಿಡಿಸುವ ಎಣ್ಣೆ ಎಲ್ಲಿಯೋ ಸೋರಿಹೋಗಿರುತ್ತದೆ. ಪೆಡಲನ್ನು ನಾಲ್ಕಾರು ಸಲ ಬೇಗಬೇಗನೆ ಒತ್ತಿದರೆ ಒಂದೆರಡು ಬಾರಿಗೆ ಸಾಕಾಗುವಷ್ಟು ಬಲ ಬರುವುದುಂಟು. ಅದೂ ಬಾರದೆ, ಕಾರು ನಡುರಸ್ತೆಯಲ್ಲಿ ಅಪಾಯದ ಜಾಗದಲ್ಲಿ ನಿಂತಿದ್ದರೆ, ಮುಂದೆ ಯಾರೂ ಇಲ್ಲದುದನ್ನು ನೋಡಿ, ಒಂದನೆಯ ಗೇರು ಹಾಕಿಯೇ ಸ್ಟಾರ್ಟರು ಒತ್ತಬೇಕು. ಕಾರು ಕುಪ್ಪಳಿಸುತ್ತ ನಾಲ್ಕು ಮಾರು ಸರಿದು ಬದಿಗೆ ಸೇರುತ್ತದೆ. ಇದು ಬದಿಗೆ ಸರಿಸುವ ಉಪಾಯವೇ ಹೊರತು ನಾಶಿಕಕ್ಕೆ ಹೋಗುವ ಉಪಾಯವಲ್ಲ.

ಗೇರು ಸರಿಯಾಗಿ ಬಿದ್ದು, ಇಂಜಿನು ಅಬ್ಬರಿಸಿಯೂ ಕಾರು ಕದಲದೆ ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ತಟ್ಟೆ ಸವೆದು ಜಾರುತ್ತಿದೆ. ಒಂದೇ ಗೇರು ಬೀಳುವಾಗ ಮಾತ್ರ ಕರಕರ ಸದ್ದಾದರೆ ಆ ಗೇರನ್ನು ಬಿಟ್ಟು ಉಳಿದವುಗಳಲ್ಲಿ ಮೆಲ್ಲನೆ ಊರು ಸೇರಬಹುದು. ಇಷ್ಟನ್ನು ತಿಳಿಯಲು ಮಿಸ್ತ್ರಿಯಾಗಬೇಕಾಗಿಲ್ಲ. ಗ್ಯಾರೇಜಿಗೆ ಫೋನು ಮಾಡಿ "ಗೇರು ಹಾಳಾಗಿದೆ" ಎನ್ನುವುದಕ್ಕೂ, "ಕೋಲು ಸಡಿಲವಾಗಿದೆ, ಕ್ಲಚ್ಚು ಸರಿಯಿದೆ" ಎನ್ನುವುದಕ್ಕೂ ಖರ್ಚಿನಲ್ಲಿ ಬಹಳ ಅಂತರವುಂಟು.

ಒಂದೇ ಗೇರಿನಲ್ಲಿ ಓಡಿಸಿ ಕೀರ್ತಿ ಪಡೆದವರೂ ಇದ್ದಾರೆ. 1991ರ ಮಾರ್ಚ್ 24ರಂದು ಬ್ರೆಜಿಲ್ ದೇಶದ ಸಾವೊ ಪಾವ್ಲೊ ನಗರದ ಪಂದ್ಯದಲ್ಲಿ ಆ ದೇಶದವನೇ ಆದ ಅಯರ್ಟನ್ ಸೆನ್ನಾ ಮುಂದಾಳಾಗಿ ಓಡಿಸುತ್ತಿದ್ದಾಗ ಮೊದಲು ನಾಲ್ಕನೆಯ ಗೇರು ಹೋಯಿತು. ಬಳಿಕ ಒಂದೊಂದಾಗಿ ಉಳಿದವೂ ಹೋದುವು. ಕೊನೆಯ ಸುತ್ತುಗಳಲ್ಲಿ ಆರನೆಯ ಗೇರೊಂದೇ ಉಳಿಯಿತು. ನಿಧಾನದ ತಿರುವಿನಲ್ಲಿಯೂ ಅದೇ. ಸಾಲದುದಕ್ಕೆ ಮಳೆಯೂ ಹನಿಯಿತು. ಹಿಂದೆ ಬರುತ್ತಿದ್ದ ಪಟ್ರೇಸೆಗಿಂತ ಮೂರು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದ ಸೆನ್ನಾನನ್ನು ಕಾರಿನಿಂದ ಹೊರತೆಗೆಯಲು ಬೇರೆಯವರು ಕೈಹಚ್ಚಬೇಕಾಯಿತು. ತೋಳು ಭುಜಗಳು ಸೆಟೆದುಹೋಗಿ, ಬಹುಮಾನವನ್ನು ಮೇಲೆತ್ತಲೂ ಆತ ಹೆಣಗಾಡಿದ. 1994ರಲ್ಲಿ ಸ್ಪೇನಿನ ಪಂದ್ಯದಲ್ಲಿ ಮೈಕೆಲ್ ಷೂಮಾಕರನ ಕಾರು ಐದನೆಯ ಗೇರಿನಲ್ಲಿಯೇ ಸಿಕ್ಕಿಬಿತ್ತು. ಆತ ಹಾಗೆಯೇ ಓಡಿಸಿ ಎರಡನೆಯವನಾಗಿ ಬಂದ. ಕೇಳಲು ರೋಮಾಂಚವಾಗುತ್ತದೆ. ಆದರೆ ಅಲ್ಲಿ ಎದುರಿನಿಂದ ಎಸ್.ಟಿ. ಬಸ್ಸು ಬರುವುದಿಲ್ಲ, ತಿರುವಿನಲ್ಲಿ ಕಾಲ್ನಡೆಯ ಭಕ್ತರ ಗುಂಪಿರುವುದಿಲ್ಲ. ಷೂಮಾಕರನ ಹೆಸರು ಹೇಳಿ ಕಸಾರಾ ಇಳಿಯುವ ತರುಣನ ಪಕ್ಕದಲ್ಲಿ ಕುಳಿತವನು ಮುಲಾಜಿಲ್ಲದೆ "ನಿಲ್ಲಿಸಿ ಸಣ್ಣ ಧಣಿ" ಎನ್ನಬೇಕು. ನೌಕರಿಯ ಅಂಜಿಕೆಯಿಂದ ಸುಮ್ಮನಿರುವವರು ಉಂಟು. ಅದು ನಿಷ್ಠೆಯಲ್ಲ.

ಇಳಿಜಾರಿನಲ್ಲಿ ಗೇರಿನ ಹಿಡಿತ ತಪ್ಪಿದರೆ ಮಾಡತಕ್ಕದ್ದೇನು? ಬ್ರೇಕು ಇನ್ನೂ ತಣ್ಣಗಿರುವಾಗಲೇ, ಆ ಕ್ಷಣದಲ್ಲಿಯೇ, ಗಟ್ಟಿಯಾಗಿ ಒತ್ತಿ ವೇಗವನ್ನು ಇಳಿಸಿ ನಿಲ್ಲಿಸಬೇಕು. ಇನ್ನೊಂದು ತಿರುವು ದಾಟಿ ನೋಡೋಣವೆಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು, ಅದರೊಳಗಿನ ದ್ರವ ಕುದಿದು, ಪೆಡಲು ನೆಲಕ್ಕೆ ಹೋಗಿ ತಗಲುತ್ತದೆ. ಆಮೇಲೆ ದೇವರೇ ಗತಿ. ಗಾಬರಿಯಲ್ಲಿ ಇಂಜಿನನ್ನು ಆರಿಸಲೂ ಬಾರದು. ಇಂಜಿನು ನಿಂತರೆ ಬ್ರೇಕು ಬಿಗಿಯಾಗಿ, ಸ್ಟಿಯರಿಂಗು ಭಾರವಾಗುತ್ತದೆ. ನಿಲ್ಲಿಸುವಾಗ ಕಣಿವೆಯ ಕಡೆ ಬಿಟ್ಟು ಗುಡ್ಡದ ಕಡೆಗೆ ಚಕ್ರ ತಿರುಗಿಸಿ ನಿಲ್ಲಿಸಬೇಕು. ಗೇರು ಬದಲಿಸುವಾಗಲೇ ತಂತಿಯ ಮೇಲೆ ಬಲ ಬೀಳುವುದರಿಂದ ಅದು ಹರಿಯುವ ಸಂಭವವೂ ಆಗಲೇ ಹೆಚ್ಚು. ಇಳಿಜಾರಿನ ನಡುವೆ ಹಾಗಾದರೆ ಕಾರು ಯಾವ ಗೇರೂ ಇಲ್ಲದೆ ಉರುಳುತ್ತದೆ. ಏರುವಾಗ ಬೇಕಾಗುವ ಗೇರನ್ನೇ ಇಳಿಯುವಾಗ, ಅದೂ ಘಟ್ಟದ ತಲೆಯ ಮೇಲೆಯೇ ಹಾಕಿಕೊಳ್ಳಬೇಕೆಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದುದು ಇದಕ್ಕೂ ಸಲ್ಲುತ್ತದೆ.

ಈಚಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅನೇಕವಕ್ಕೆ ಕೋಲೂ ಇಲ್ಲ, ಕ್ಲಚ್ಚಿನ ಪೆಡಲೂ ಇಲ್ಲ. ಸ್ಟಿಯರಿಂಗಿನ ಹಿಂದೆ ಎರಡು ರೆಕ್ಕೆಗಳಿದ್ದು, ಬೆರಳಿನಿಂದ ಎಳೆದರೆ ಗೇರು ಬದಲಾಗುತ್ತದೆ. ಒಳಗೆ ಎರಡು ಕ್ಲಚ್ಚುಗಳು: ಒಂದು, ಮೂರು, ಐದು ಒಂದರ ಪಾಲು, ಎರಡು, ನಾಲ್ಕು, ಆರು ಇನ್ನೊಂದರ ಪಾಲು. ಇದರಿಂದಲೇ ಕೆಲವೊಮ್ಮೆ ಅರ್ಧ ಗೇರುಗಳು ಮಾತ್ರ ಇದ್ದಕ್ಕಿದ್ದಂತೆ ಮಾಯವಾಗುವುದುಂಟು. ದಟ್ಟಣೆಯಲ್ಲಿ, ಏರಿನ ಮೇಲೆ ಇಂಚಿಂಚಾಗಿ ತೆವಳುತ್ತ ಹೋದರೆ ಕ್ಲಚ್ಚು ಕಾದು, ಯಂತ್ರ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಬದಿಗೆ ನಿಲ್ಲಿಸಿ, ಒಂದು ಅರ್ಧ ಗಂಟೆ ಆರಲು ಬಿಟ್ಟು, ಮತ್ತೆ ಸ್ಟಾರ್ಟು ಮಾಡಿದರೆ ಎಷ್ಟೋ ಬಾರಿ ಸರಿಹೋಗುತ್ತದೆ. ಕೆಂಪು ದೀಪ ಮತ್ತೆ ಹತ್ತಿದರೆ ಮುಂದೆ ಹೋಗಬಾರದು. 2015ರಲ್ಲಿ ನಡೆದ ಸಿಂಹಸ್ಥ ಹನ್ನೆರಡು ವರ್ಷದ ಲೆಕ್ಕದಂತೆ ಮತ್ತೆ 2027ರದು. ಅಂತಹ ಜನಸಂದಣಿಯಲ್ಲಿ ತೆವಳಲು ಈ ಕಾರುಗಳು ಹುಟ್ಟಿಲ್ಲ. ಕಾರನ್ನು ನಾಶಿಕದಲ್ಲಿಯೇ ಬಿಟ್ಟು ಉಳಿದ ಮೂವತ್ತು ಕಿಲೋಮೀಟರನ್ನು ಬಸ್ಸಿನಲ್ಲಿ ಹೋಗುವುದು ಲೇಸು.

ಕಾರು ನಿಂತ ಮೇಲೆ ನಾಲ್ಕು ದೀಪಗಳನ್ನೂ ಮಿನುಗಿಸಿ, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ, ತಿರುವಿದ್ದರೆ ತಿರುವಿನ ಆಚೆಗೆ ಇಡಬೇಕು. ಇಗತಪುರಿಯ ಮಳೆಗಾಲದ ಮಂಜಿನಲ್ಲಿ ಹತ್ತು ಹೆಜ್ಜೆಯ ಅಂತರಕ್ಕೆ ಇಟ್ಟರೂ ಒಂದೇ, ಇಡದಿದ್ದರೂ ಒಂದೇ. ಜನರೆಲ್ಲ ಇಳಿದು ರಸ್ತೆಯಿಂದ ಆಚೆ ನಿಲ್ಲಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033, ಪ್ರಾಣಾಪಾಯವಾದರೆ 112. ಗ್ಯಾರೇಜುಗಳಿಗಾಗಿ ನಾಶಿಕದ ಸಾತಪುರ, ಅಂಬಡ ಕಡೆಗೆ ವಿಚಾರಿಸಬಹುದು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೋ ಕಂಪನಿ, ಈಗಿನ ಬಾಷ್, ತ್ರ್ಯಂಬಕ ರಸ್ತೆಯ ಸಾತಪುರದಲ್ಲಿಯೂ ಕಾರ್ಖಾನೆ ಹೂಡಿದುದರಿಂದ ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಕಾರನ್ನು ಹಗ್ಗ ಕಟ್ಟಿ ಎಳೆಯಲು ಬಂದವರಿಗೆ ಒಪ್ಪಬಾರದು. ಎರಡು ಕ್ಲಚ್ಚಿನ ಕಾರುಗಳ ಚಕ್ರ ನೆಲದ ಮೇಲೆ ಉರುಳುತ್ತ ಹೋದರೆ ಒಳಗಿನ ಭಾಗಗಳಿಗೆ ಎಣ್ಣೆ ಸಾಲದೆ, ಸಣ್ಣ ದೋಷ ದೊಡ್ಡದಾಗುವ ಭಯವುಂಟು. ಕೊಕ್ಕೆ ಹಾಕಿ ಎತ್ತಿದರೆ ನೆಲಕ್ಕೆ ಅಂಟಿದಂತಿರುವ ಕಾರಿನ ಮೂತಿ ಒಡೆಯುತ್ತದೆ. ಇಡೀ ಕಾರನ್ನು ಹೊತ್ತೊಯ್ಯುವ ಚಪ್ಪಟೆ ಹಾಸಿನ ಲಾರಿಯೇ ಬೇಕೆಂದು ಫೋನಿನಲ್ಲಿಯೇ ಹೇಳಬೇಕು. ಅದು ಬರುವವರೆಗೆ ಚಕ್ರಗಳಿಗೆ ಕಲ್ಲು ಒತ್ತಿಟ್ಟು ಕಾಯತಕ್ಕದ್ದು. ಕಾರು ಲಾರಿಯ ಮೇಲೆ ಹತ್ತಿದೊಡನೆ ಆ ಕಲ್ಲುಗಳನ್ನು ಎತ್ತಿ ಚರಂಡಿಯ ಆಚೆಗೆ ಹಾಕಬೇಕು. ರಾತ್ರಿ ಅದೇ ದಾರಿಯಲ್ಲಿ ಬೈಕಿನವರೂ ಇಳಿಯುತ್ತಾರೆ.