ಅಪ್ಪನ ಬುಲೆಟ್ಟು, ನನ್ನ ಕ್ಲಚ್ಚು

ದಿಂಬಂ ಘಾಟಿಯ 27 ತಿರುವುಗಳು ನಮ್ಮ ತಾಳವಾಡಿ ಸೀಮೆಯವರಿಗೆ ಹೊಸದೇನಲ್ಲ. ಆಸ್ಪತ್ರೆಗೋ ಮದುವೆಗೋ ಸತ್ಯಮಂಗಲಕ್ಕೆ ಇಳಿದವರು ಮತ್ತೆ ಹತ್ತಲೇಬೇಕು. ಒಮ್ಮೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಅಪ್ಪನ ಹಳೆಯ ಬುಲೆಟ್ಟಿನಲ್ಲಿ ಹಾಗೆ ಹತ್ತುತ್ತಿದ್ದೆ. ಒಂದು ತಿರುವಿನಲ್ಲಿ ಎಂಜಿನ್ ಜೋರಾಗಿ ಕಿರುಚಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಹಿಂದೆ ಲಾರಿ. ಬ್ರೇಕ್ ಒತ್ತಿ ಹಿಡಿದೆ. ಅಮ್ಮ ಇಳಿದು ಚಕ್ರದ ಹಿಂದೆ ಕಲ್ಲು ಕೊಟ್ಟರು. ಆಮೇಲೆ ಅವರನ್ನು ಬಸ್ಸಿಗೆ ಹತ್ತಿಸಿ, ಅರ್ಧ ಗಂಟೆ ಗಾಡಿ ತಣಿಸಿ, ಒಬ್ಬನೇ ಹೇಗೋ ಮೇಲೆ ಬಂದೆ.

ಗಾಡಿ ಮಾರಿಬಿಡೋಣವೆಂದೆ. ಅಮ್ಮ ಒಪ್ಪಲಿಲ್ಲ. "ಗೊಬ್ಬರದ ಮೂಟೆ ಕಟ್ಕೊಂಡು ನಿಮ್ಮಪ್ಪ ಇದೇ ಗಾಡೀಲಿ ಹತ್ತೋರು. ಗಾಡಿದಲ್ಲ ತಪ್ಪು, ನಿಂದೇ ಇರ್ಬೇಕು, ನೋಡು ಮಗ" ಎಂದರು. ಅವರು ಹೇಳಿದ್ದೇ ನಿಜವಾಯಿತು.

ಕ್ಲಚ್ ಮಾಡುವ ಕೆಲಸ

1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಜೋಡಣೆ ಶುರುವಾದ ಮೇಲೆ ಎಷ್ಟೋ ದಶಕ ಅದರ ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ ಇದ್ದವು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಎಂಜಿನ್ನಿನ ಶಕ್ತಿ ಎಡಬದಿಯ ಚೈನ್ ಕೇಸಿನೊಳಗಿನ ಚೈನಿನ ಮೂಲಕ ಕ್ಲಚ್ಚಿಗೆ ಬರುತ್ತದೆ, ಅಲ್ಲಿಂದ ಗೇರಿಗೆ. ಕ್ಲಚ್ ಎಂದರೆ ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳು. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ನಾವು ಲಿವರ್ ಹಿಡಿದರೆ ಗೇರ್ ಬಾಕ್ಸಿನ ಶಾಫ್ಟಿನೊಳಗೆ ಹಾಯ್ದಿರುವ ಒಂದು ಕಡ್ಡಿ ಪ್ಲೇಟುಗಳನ್ನು ಸಡಿಲಿಸುತ್ತದೆ. ಬಿಟ್ಟರೆ ಮತ್ತೆ ಒಂದಾಗುತ್ತವೆ. ಆದ್ದರಿಂದ ಕಾಯಿಲೆಯೂ ಎರಡೇ. ಬಿಟ್ಟಾಗ ಪೂರ್ತಿ ಕೂಡದಿದ್ದರೆ ಜಾರುತ್ತದೆ: ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಹಿಡಿದಾಗ ಪೂರ್ತಿ ಬಿಡದಿದ್ದರೆ ಎಳೆಯುತ್ತದೆ: ಗೇರ್ ಕರಕರ ಎನ್ನುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ.

ಮೊದಲು ಹೊರಗೆ ನೋಡಿ

ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಗಾಡಿ ಒಯ್ದೆ. ಅವರು ಸ್ಪ್ಯಾನರ್ ಹಿಡಿಯುವ ಮೊದಲು ನನ್ನ ಕೈ ನೋಡಿದರು. "ಏನಪ್ಪ, ಗೇರ್ ಹಾಕೋವಾಗ ಮಾತ್ರ ಹಿಡೀತೀಯಾ, ಇಲ್ಲಾ ದಾರೀಲೆಲ್ಲ ಎರಡು ಬೆರಳು ಅದರ ಮೇಲೇ ಇರ್ತವಾ?" ನಾನು ಸುಮ್ಮನಾದೆ.

ಲಿವರ್ ಎಳೆಯಲು ಶುರುಮಾಡಿದಾಗ ಮೊದಲ ಎರಡು ಮೂರು ಮಿಲಿಮೀಟರ್ ಬಿಗಿಯಿಲ್ಲದೆ ಬರಬೇಕು. ನನ್ನ ಗಾಡಿಯಲ್ಲಿ ಅದು ಇರಲೇ ಇಲ್ಲ. ಸವೆದ ಪ್ಲೇಟುಗಳಿಂದ ಈ ಆಟ ಕಡಿಮೆಯಾಗುತ್ತದೆ. ಆಟ ಇಲ್ಲದಿದ್ದರೆ ಪ್ಲೇಟು ಇನ್ನೂ ಬೇಗ ಸವೆಯುತ್ತದೆ. ಇದನ್ನು ಸರಿಮಾಡುವ ಜಾಗ ಎರಡು: ಕೇಬಲ್ಲಿನಲ್ಲಿರುವ ಅಡ್ಜಸ್ಟರ್, ಮತ್ತು ಗೇರ್ ಬಾಕ್ಸಿನ ಬಲಬದಿಯ ಚಿಕ್ಕ ಮುಚ್ಚಳದ ಹಿಂದಿರುವ ಸ್ಕ್ರೂ. ಸ್ಕ್ರೂ ಸರಿಹೊಂದಿಸಿದ ಮೇಲೆ ಲಾಕ್ ನಟ್ ಬಿಗಿಯಲು ಮರೆಯಬಾರದು. ಕೇಬಲ್ಲಿನ ಎಳೆ ಬಿಚ್ಚಿಕೊಂಡಿದ್ದರೆ ಹೊಸದು ಹಾಕಿಬಿಡಿ. ಘಾಟಿಯಲ್ಲಿ ತುಂಡಾಗುವುದಕ್ಕಿಂತ ಅದೇ ಅಗ್ಗ.

ಒಳಗೆ ಕಂಡದ್ದು

ಎಡಗಡೆಯ ಫುಟ್ ರೆಸ್ಟ್, ಬ್ರೇಕ್ ಪೆಡಲ್ ಬಿಚ್ಚಿ, ಕೆಳಗೆ ತಟ್ಟೆ ಇಟ್ಟು, ಚೈನ್ ಕೇಸಿನ ನಡುವಿನ ಒಂದೇ ದೊಡ್ಡ ನಟ್ ತೆಗೆದಾಗ ಎರಡನೆಯ ತಪ್ಪು ಹೊರಬಂತು. ಮನೆಯಲ್ಲಿ ಉಳಿದಿತ್ತೆಂದು ನಾನೇ ಕಾರಿನ ಆಯಿಲ್ ಸುರಿದಿದ್ದೆ. ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಬೆರೆಸಿದ ಆಯಿಲ್ ಕಾರಿನ ಎಂಜಿನ್ನಿಗೆ ಒಳ್ಳೆಯದು. ಆಯಿಲಿನಲ್ಲೇ ಮುಳುಗಿ ಉಜ್ಜಿನಿಂದಲೇ ಹಿಡಿಯಬೇಕಾದ ಕ್ಲಚ್ಚಿಗೆ ಅಲ್ಲ.

ಮೆಕ್ಯಾನಿಕ್ ಒಂದೊಂದೇ ಪ್ಲೇಟು ತೊಳೆದರು. ಉಕ್ಕಿನ ಪ್ಲೇಟನ್ನು ಗಾಜಿನ ಮೇಲಿಟ್ಟು ಸೊಟ್ಟಗಾಗಿದೆಯೇ ಎಂದು ನೋಡಿದರು. ಬಿಸಿಗೆ ನೀಲಿಯಾಗಿ ಬಾಗಿದ್ದನ್ನೂ ಸವೆದು ನುಣುಪಾದವನ್ನೂ ಪಕ್ಕಕ್ಕಿಟ್ಟರು. ಪ್ಲೇಟಿನ ಹಲ್ಲು ಕೂರುವ ಸೀಳುಗಳಲ್ಲಿ ಬಿದ್ದ ಗುಂಡಿಗಳನ್ನು ಅರದಿಂದ ಸವರಿದರು. ಹಲ್ಲು ಅಲ್ಲಿ ಸಿಕ್ಕಿಕೊಂಡರೆ ಕ್ಲಚ್ ಎಳೆಯುತ್ತದೆ. ಮೂರು ಸ್ಪ್ರಿಂಗುಗಳೂ ಸಮವಾಗಿ ಕೂತವೇ ಎಂದು ಲಿವರ್ ಎಳೆದು ನೋಡಿದರು. ಒಂದು ಸೋತರೂ ಪ್ಲೇಟು ಓರೆಯಾಗಿ ಏಳುತ್ತದೆ. ಕೊನೆಗೆ ರಬ್ಬರ್ ಸೀಲ್ ಹೊಸದು ಹಾಕಿ, ಮುಚ್ಚಳ ಕೂರಿಸಿ, ಸರಿಯಾದ ಆಯಿಲನ್ನು ಲೆವೆಲ್ ಸ್ಕ್ರೂವಿನ ಮಟ್ಟಕ್ಕೆ ತುಂಬಿದರು. ಆಯಿಲ್ ಸೋರಿದರೆ ನಟ್ ಇನ್ನಷ್ಟು ಬಿಗಿಯುವುದು ಮದ್ದಲ್ಲ, ಸೀಲ್ ನೋಡಬೇಕು ಎಂದರು.

ಓಡಿಸುವವರಿಗೆ ನಾಲ್ಕು ಮಾತು

ಚಳಿಗಾಲದ ಬೆಳಿಗ್ಗೆ ಪ್ಲೇಟುಗಳು ಅಂಟಿಕೊಂಡಿರುತ್ತವೆ. ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದು ಎರಡು ಮೂರು ಸಲ ಕಿಕ್ಕರ್ ತುಳಿಯಿರಿ, ಬಿಟ್ಟುಕೊಳ್ಳುತ್ತವೆ.

ಹೊರಡುವಾಗ ಲಿವರನ್ನು ನಿಧಾನವಾಗಿ ಬಿಡಿ. ಹೊರಟ ಮೇಲೆ ಬೆರಳು ಹ್ಯಾಂಡಲ್ ಹಿಡಿಗೆ ಬರಲಿ.

ಏರಿನಲ್ಲಿ ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಿಸಬೇಡಿ, ಬ್ರೇಕಿನಲ್ಲಿ ನಿಲ್ಲಿಸಿ. ಏರು ಬರುವ ಮೊದಲೇ ಗೇರ್ ಇಳಿಸಿ.

ಇಳಿಜಾರಿನಲ್ಲಿ ಕ್ಲಚ್ ಹಿಡಿದು ಜಾರಬೇಡಿ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಕ್ಲಚ್ ಹಿಡಿದರೆ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಮುಂದಿನ ತಿಂಗಳು ಅಮ್ಮನನ್ನು ಮತ್ತೆ ಕರೆದುಕೊಂಡು ಹೋದೆ. ಬರುವಾಗ ಮೊದಲ ತಿರುವಿನಿಂದಲೇ ಅವರು ಎಣಿಸುತ್ತಿದ್ದರು. ಹತ್ತನೆಯದರ ಹೊತ್ತಿಗೆ ಎಣಿಕೆ ನಿಂತಿತು. ಹೆದರಿ ತಿರುಗಿ ನೋಡಿದರೆ, ನನ್ನ ಬೆನ್ನಿಗೊರಗಿ ತೂಕಡಿಸುತ್ತಿದ್ದರು. ಅಪ್ಪನ ಹಿಂದೆಯೂ ಹೀಗೇ ಕೂರುತ್ತಿದ್ದರಂತೆ.