ಆವಿಗೂ ದಾರಿ ಬಿಡುವ ಸೂರು

ಅಂಗಡಿಗೋ ಗೋದಾಮಿಗೋ ಸೂರು ಹಾಕಿಸುವವರು ಆಕಾಶ ನೋಡಿ ಲೆಕ್ಕ ಹಾಕುತ್ತಾರೆ: ಮಳೆ ಎಷ್ಟು, ಬಿಸಿಲು ಎಷ್ಟು. ಮಂಡ್ಯದ ಯಲಿಯೂರಿನಂಥ ಕಬ್ಬಿನ ಸೀಮೆಯಲ್ಲಿ ಆಲೆಮನೆ ಕಟ್ಟುವವರು ಮೊದಲು ಒಲೆಯ ಕಡೆ ನೋಡಬೇಕು. ಆ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಅಷ್ಟನ್ನು ಯಾವ ಶೀಟಾದರೂ ತಡೆದೀತು. ಕೊಪ್ಪರಿಗೆಯಿಂದ ಏಳುವ ಆವಿಯದೇ ಕಷ್ಟ.

ಕಬ್ಬಿನ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಸಾವಿರ ಕಿಲೊ ಹಾಲು ಬೆಲ್ಲವಾಗುವಷ್ಟರಲ್ಲಿ ಹತ್ತಿರ ಹತ್ತಿರ 800 ಕಿಲೊ ನೀರು ಕೊಪ್ಪರಿಗೆ ಬಿಟ್ಟು ಮೇಲೇಳುತ್ತದೆ. ಕುದಿಯುವ ಒಂದು ಲೀಟರ್ ನೀರಿನಿಂದ ಸುಮಾರು 1,700 ಲೀಟರ್ ಆವಿ ಹುಟ್ಟುತ್ತದೆ. 30 ಅಡಿ ಉದ್ದ, 20 ಅಡಿ ಅಗಲ, 15 ಅಡಿ ಎತ್ತರದ ಕೊಟ್ಟಿಗೆಯೊಂದನ್ನು ಐದು ಸಲ ತುಂಬುವಷ್ಟು ಆವಿ ಇದು. ಒಲೆಯ ಚಿಮಣಿ ಹೊಗೆಯನ್ನಷ್ಟೇ ಎಳೆಯುತ್ತದೆ. ಆವಿಗೆ ತನ್ನ ದಾರಿ ಬೇರೆ ಬೇಕು.

ನೀರಾವಿ ಗಾಳಿಗಿಂತ ಹಗುರ, ನೆಟ್ಟಗೆ ಸೂರಿಗೇ ಹೋಗಿ ತಾಗುತ್ತದೆ. ರಾತ್ರಿಯೆಲ್ಲ ಬಯಲಿಗೆ ಶಾಖ ಬಿಟ್ಟುಕೊಟ್ಟ ತಗಡು ಬೆಳಗಿನ ಜಾವ ಸುತ್ತಲಿನ ಗಾಳಿಗಿಂತಲೂ ತಣ್ಣಗಿರುತ್ತದೆ. ಅಲ್ಲಿ ಆವಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಕೆಳಗೆ ಅಚ್ಚಿನಲ್ಲಿ ಬೆಲ್ಲ ಆರುತ್ತಿರುತ್ತದೆ. ಮೊದಲೇ ತೇವ ಹೀರುವ ಗುಣದ ಬೆಲ್ಲ, ಅದರ ಮೇಲೆ ತುಕ್ಕು ಬೆರೆತ ಹನಿ!

ತಗಡನ್ನು ಹಾಗೆಂದು ತಳ್ಳಿಹಾಕುವಂತಿಲ್ಲ. 1829ರಲ್ಲಿ ಲಂಡನ್ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಅಲೆಯಲೆಯಾದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದ. ಅಂಗೈ ಮೇಲೆ ಬಾಗಿ ಬೀಳುವ ಕಾಗದ ಮಡಿಕೆ ಹಾಕಿದೊಡನೆ ನಿಗುರಿ ನಿಲ್ಲುತ್ತದಲ್ಲ, ತಗಡಿನದೂ ಅದೇ ಗುಟ್ಟು. ಲೋಹದ ತೂಕ ಹೆಚ್ಚೇನೂ ಏರುವುದಿಲ್ಲ. ಅದು ಬಾಗುವ ನಡುರೇಖೆಯಿಂದ ಮೇಲಕ್ಕೂ ಕೆಳಕ್ಕೂ ಸರಿದು ನಿಲ್ಲುವುದರಿಂದ ಬಲ ಎಷ್ಟೋ ಪಟ್ಟು ಏರುತ್ತದೆ. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಗೀರು ಬಿದ್ದ ಕಡೆ ಕಬ್ಬಿಣಕ್ಕಿಂತ ಮೊದಲು ಸತು ತಾನೇ ಸವೆದು ಅದನ್ನು ಕಾಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶೀಟು ಚದರ ಮೀಟರಿಗೆ ಐದು ಕಿಲೊ ಆಸುಪಾಸು ತೂಗುತ್ತದೆ, ತೆಳ್ಳನೆಯ ಪೈಪುಗಳೇ ಅದನ್ನು ಹೊರುತ್ತವೆ. ಆದರೆ ಆಲೆಮನೆಯಲ್ಲಿ ಶೀಟಿನ ಒಳಮೈ ಸದಾ ಒದ್ದೆ, ಸತು ಬೇಗ ಕರಗುತ್ತದೆ. ಬೆಲ್ಲದ ಬಣ್ಣಕ್ಕೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವ ಕಡೆ ಗಂಧಕದ ಅನಿಲ ಆವಿಯೊಂದಿಗೆ ಸೇರಿ ಆಮ್ಲವಾಗಿ ಇನ್ನೂ ಬೇಗ ತಿನ್ನುತ್ತದೆ.

ಸಿಮೆಂಟ್ ಶೀಟಿಗೆ ತುಕ್ಕಿನ ಭಯವಿಲ್ಲ. ಆದರೆ ಹಳೆಯ ಬಗೆಯ ಶೀಟಿನಲ್ಲಿ ಸಿಮೆಂಟನ್ನು ಹಿಡಿದಿಟ್ಟಿರುವುದು ಕಲ್ನಾರು. ಅದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ತಿನ್ನುವ ಪದಾರ್ಥದ ನೆತ್ತಿಯ ಮೇಲೆ ಅದು ಬೇಡವೇ ಬೇಡ. ಈಗಾಗಲೇ ಇದ್ದರೆ ಕೊರೆಯುವುದು, ಕತ್ತರಿಸುವುದು, ಒಡೆಯುವುದು ಮಾಡಬಾರದು. ನಾರು ಗಾಳಿಗೆ ಹಾರುವುದು ಆಗಲೇ.

ನನ್ನ ಓಟು ಮಂಗಳೂರು ಹೆಂಚಿಗೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಈ ಹೆಂಚಿನ ಸಂದುಗಳು ಮಳೆಯನ್ನು ಜಾರಿಸಿ ಆವಿಯನ್ನು ಹೊರಬಿಡುತ್ತವೆ. ಸುಟ್ಟ ಮಣ್ಣು ಒಂದಿಷ್ಟು ತೇವವನ್ನು ತಾನೇ ಹೀರಿಕೊಂಡು ಬಿಸಿಲಿಗೆ ಒಣಗುವುದರಿಂದ ತೊಟ್ಟಿಕ್ಕುವುದು ಕಡಿಮೆ. ಕಿಡಿ ಹಾರಿದರೂ ಹೊತ್ತಿಕೊಳ್ಳುವುದಿಲ್ಲ. ಸೋಗೆಯ ಸೂರಿಗೆ ಆ ಧೈರ್ಯವಿರಲಿಲ್ಲ. ಭಾರವೊಂದೇ ತಕರಾರು: ರೀಪರುಗಳೂ ಸೇರಿ ಚದರ ಮೀಟರಿಗೆ 65 ಕಿಲೊ ಹಿಡಿಯಬೇಕು. ಕೋತಿಗಳ ಕಾಟ ಲೆಕ್ಕಕ್ಕೆ ಸೇರಿಸಿಲ್ಲ.

ಇಡೀ ಕಟ್ಟಡಕ್ಕೆ ಒಂದೇ ಸೂರು ಇರಬೇಕೆಂದು ಯಾರು ಹೇಳಿದರು? ಗಾಣದ ಮೇಲೆ, ಕಬ್ಬು ಇಳಿಸುವ ಅಂಗಳದ ಮೇಲೆ ಶೀಟೇ ಸಾಕು. ಕೊಪ್ಪರಿಗೆಯ ಮೇಲೆ ಮಾತ್ರ ಹೆಂಚು ಹೊದಿಸಿ, ಆ ಭಾಗವನ್ನು ಎರಡಡಿ ಮೇಲಕ್ಕೆತ್ತಿ ಸುತ್ತ ಸಂದು ಬಿಟ್ಟರೆ ಆವಿ ಅಲ್ಲಿಂದಲೇ ಹೊರಟುಹೋಗುತ್ತದೆ. ಸಂದಿನ ಮೇಲೆ ಹೆಂಚು ಸಾಕಷ್ಟು ಮುಂಚಾಚಿರಬೇಕು, ಇಲ್ಲದಿದ್ದರೆ ಇರಚಲು ಒಳಬರುತ್ತದೆ.

ಶೀಟು ಹಾಕಿದ ಕಡೆ ಬೋಲ್ಟುಗಳನ್ನು ಅಲೆಯ ಉಬ್ಬಿನ ಮೇಲೆಯೇ ಹಾಕಿಸಬೇಕು. ತಗ್ಗಿನಲ್ಲಿ ಹಾಕಿದರೆ ಹರಿಯುವ ನೀರೆಲ್ಲ ತೂತು ಹುಡುಕುತ್ತದೆ. ಗೋಡೆಯಿಲ್ಲದ ಆಲೆಮನೆಯೊಳಗೆ ನುಗ್ಗುವ ಗಾಳಿ ಶೀಟನ್ನು ಕೆಳಗಿನಿಂದ ಒತ್ತುತ್ತದೆ, ಮೇಲೆ ಹಾಯುವ ಗಾಳಿ ಹೀರುತ್ತದೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಮೊದಲು ಏಳುವುದು ಅಂಚಿನ ಸಾಲು. ಹಾಗಾಗಿ ಬೋಲ್ಟು ಉಳಿಸುವ ಆಸೆಯಿದ್ದರೆ ನಡುವೆ ಉಳಿಸಿ, ಅಂಚಿನಲ್ಲಿ ಬೇಡ.