ಗಾಜಿಗೆ ಬಂದ ಪೊರೆ

ಕಿಟಕಿ ಎಂಬ ಮಾತು ನಮಗೆ ಉತ್ತರದ ಭಾಷೆಗಳಿಂದ ಬಂದದ್ದು. ಅದಕ್ಕೂ ಮೊದಲೇ ಸಂಸ್ಕೃತದ ಗವಾಕ್ಷವಿತ್ತು. ಗೋವಿನ ಕಣ್ಣು ಎಂದು ಅದರ ಅರ್ಥ. ಇಂಗ್ಲಿಷಿನ ‘ವಿಂಡೋ’ ಪದದ ಮೂಲವನ್ನು ಅರಸಿ ಹೊರಟರೂ ಗಾಳಿಯ ಕಣ್ಣು ಎಂಬರ್ಥದ ಹಳೆಯ ನಾರ್ಸ್ ಭಾಷೆಯ ಶಬ್ದವೇ ದೊರೆಯುತ್ತದೆ. ಕಣ್ಣೆಂದ ಮೇಲೆ ಅದಕ್ಕೊಂದು ಪೊರೆ ಬರುವುದೂ ಸಹಜವಷ್ಟೆ! ಅಂಥದೊಂದು ಪೊರೆಯನ್ನು ತೆಗೆಯಹೊರಟು ನಾನು ಪಟ್ಟ ಪಾಡನ್ನೂ ಕಲಿತ ಪಾಠವನ್ನೂ ವಾಚಕರ ಮುಂದಿಡಬೇಕೆಂದು ಈ ಬರಹ.

ಕಳೆದ ಚಳಿಗಾಲದ ಬಿಡುವಿನಲ್ಲಿ ಅಕ್ಕ ಭಾವಂದಿರನ್ನು ಕಾಣಲು ಷಿಕಾಗೋ ನಗರಕ್ಕೆ ಹೋಗಿದ್ದೆ. ನಮ್ಮ ತಾಯಿಯವರು ಆರು ತಿಂಗಳು ಮೊದಲೇ ಅಲ್ಲಿಗೆ ಹೋಗಿದ್ದರು. ನಗರದ ಉತ್ತರದಂಚಿನ ರೋಜರ್ಸ್ ಪಾರ್ಕ್ ಎಂಬ ಬಡಾವಣೆಯಲ್ಲಿ ಅಕ್ಕನ ಮನೆ. ಅಲ್ಲಿಯ ಬೀದಿಗಳು ಪೂರ್ವಕ್ಕೆ ಸಾಗಿ ನೇರವಾಗಿ ಮಿಷಿಗನ್ ಸರೋವರದ ದಡಕ್ಕೇ ಮುಟ್ಟುತ್ತವೆ. ಸರೋವರವೆಂದೊಡನೆ ನಮ್ಮ ಕಣ್ಮುಂದೆ ಕುಕ್ಕರಹಳ್ಳಿ ಕೆರೆಯೋ ಸ್ಯಾಂಕಿ ಕೆರೆಯೋ ಬಂದು ನಿಲ್ಲುತ್ತದೆ. ಇದು 22,300 ಚದರ ಮೈಲಿಯ ಜಲರಾಶಿ. ಇಡೀ ಕರ್ನಾಟಕದ ಮೂರರಲ್ಲೊಂದು ಪಾಲಿಗೆ ತುಸುವೇ ಕಡಿಮೆ. ಆಚೆಯ ದಡ ಕಾಣಿಸದು. ಉಪ್ಪಿಲ್ಲದ ಸಮುದ್ರವೆಂದರೆ ಸಲ್ಲುತ್ತದೆ.

ಚಳಿಯ ಮಾತನ್ನಂತೂ ಕೇಳುವುದೇ ಬೇಡ. 1985ರ ಜನವರಿ 20ರಂದು ಅಲ್ಲಿ ಶೂನ್ಯಕ್ಕಿಂತ 27 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿದಿತ್ತು. 2019ರ ಜನವರಿ 30ರಂದು 23 ಡಿಗ್ರಿ ಕೆಳಗೆ. ನಾನಿದ್ದಾಗ ಅಷ್ಟಿರಲಿಲ್ಲವಾದರೂ, ಮಂಡಿನೋವಿನ ವೃದ್ಧೆಯೊಬ್ಬಳು ಮಂಜುಗಡ್ಡೆ ಕಟ್ಟಿದ ಕಾಲುದಾರಿಯಲ್ಲಿ ನಡೆಯುವಂತೆಯೇ ಇರಲಿಲ್ಲ. ಹೀಗಾಗಿ ಅಮ್ಮನಿಗೆ ಹೊರಜಗತ್ತೆಂದರೆ ನಡುಮನೆಯ ದೊಡ್ಡ ಕಿಟಕಿಯೊಂದೇ. ಸ್ನಾನ ಮಾಡಿ, ಕುರ್ಚಿಯನ್ನು ಅದರ ಬಳಿಗೆ ಎಳೆದುಕೊಂಡು, ಸರೋವರದಿಂದ ಮೇಲೇಳುವ ಸೂರ್ಯನಿಗೆ ಕೈಮುಗಿಯುವುದು ಅವಳ ಬೆಳಗಿನ ನಿಯಮ.

ಆ ಗಾಜಿನ ತುಂಬ ಬಿಳಿಯ ಕಲೆಗಳು. ಮಳೆಹನಿಗಳು ಬಿದ್ದಲ್ಲೇ ಕಲ್ಲಾದಂತೆ, ಉಂಗುರ ಉಂಗುರವಾಗಿ, ಒಂದರ ಮೇಲೊಂದು.

“ಸೂರ್ಯನಾರಾಯಣನಿಗೇ ವಿಭೂತಿ ಬಳಿದ ಹಾಗಿದೆಯಪ್ಪ” ಎಂದು ಅಮ್ಮ ನಕ್ಕಳು. ಅಕ್ಕನನ್ನು ಕೇಳಿದರೆ, “ಏಪ್ರಿಲ್ ಬರಲಿ, ಆಗ ತೊಳೆಸೋಣ” ಎಂದಳು. ಅಮ್ಮ ಊರಿಗೆ ಹಿಂದಿರುಗುವುದು ಮಾರ್ಚಿಯಲ್ಲಿ!

ಎಂ.ಎ. ಪದವಿ ಪಡೆದವನಿಗೆ ಒಂದು ಕಿಟಕಿ ತೊಳೆಯುವುದು ಹೆಚ್ಚೆ? ಒಂದು ಬಕೆಟ್ ಬೆಚ್ಚನೆಯ ನೀರು, ಸಾಬೂನು, ಹಳೆಯ ಪಂಚೆಯ ತುಂಡು ಹಿಡಿದು ಹೊರಗೆ ಹೊರಟೆ. ಒದ್ದೆ ಬಟ್ಟೆಯಿಂದ ಗಾಜನ್ನು ಒರೆಸಿದ ಗಳಿಗೆಯಲ್ಲೇ ನೀರು ಹೆಪ್ಪುಗಟ್ಟಿ, ಕಲೆಗಳ ಮೇಲೊಂದು ಹಿಮದ ಪದರ ಬಂದಿತು. ಬಟ್ಟೆ ಹಪ್ಪಳದಂತೆ ಸೆಟೆಯಿತು. ಒಳಗಿದ್ದ ಅಮ್ಮನಿಗೆ ಈಗ ಸೂರ್ಯನೂ ಇಲ್ಲ, ಸರೋವರವೂ ಇಲ್ಲ, ಮಗನೂ ಇಲ್ಲ. ಹಿಮ ತಾನಾಗಿ ಕರಗಿದಾಗ ಕಲೆಗಳು ಮೊದಲಿದ್ದಲ್ಲಿಯೇ ಇದ್ದುವು. ಜೊತೆಗೆ ನನ್ನ ಕೈಬೆರಳಿನ ಗೆರೆಗಳೂ ಸೇರಿದ್ದುವು.

ಮಾರನೆಯ ದಿನ ತೊಗರಿಬೇಳೆ ತರಲು ಡೆವನ್ ಅವೆನ್ಯೂವಿಗೆ ಹೋದೆ. ಭಾರತೀಯರ ಅಂಗಡಿಗಳು ಸಾಲಾಗಿರುವ ಬೀದಿ ಅದು. ಅಷ್ಟು ಚಳಿಯಲ್ಲೂ ಅಲ್ಲೊಬ್ಬ ವೃದ್ಧರು ಸೀರೆಯಂಗಡಿಯ ಗಾಜನ್ನು ತೊಳೆಯುತ್ತಿದ್ದರು. ಅವರ ನೀರು ಮಾತ್ರ ಹೆಪ್ಪುಗಟ್ಟುತ್ತಿರಲಿಲ್ಲ! ನಿಂತು ಕೇಳಿದೆ. ಪೋಲೆಂಡಿನ ಮೂಲದವರು, ಈ ಕೆಲಸಕ್ಕೆ ಇಳಿದು ನಲವತ್ತು ವರ್ಷವಾಯಿತಂತೆ. ಮೋಟಾರು ಕಾರಿನ ಮುಂಗಾಜಿಗೆ ಚಿಮ್ಮಿಸುವ ನೀಲಿ ದ್ರವವುಂಟಲ್ಲ, ಅದನ್ನು ಬಕೆಟ್ಟಿನ ನೀರಿಗೆ ಬೆರೆಸಿದ್ದರು. ಅದರಲ್ಲಿನ ಮದ್ಯಸಾರ ನೀರು ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಗಾಜಿಗೆ ಬಹಳ ಕಡಿಮೆ ನೀರು, ಬಿಸಿಲು ಬಿದ್ದ ಮಗ್ಗುಲು ಮೊದಲು, ಬಿಸಿನೀರು ಎಂದಿಗೂ ಕೂಡದು. ತಣ್ಣಗಿರುವ ಗಾಜು ಒಮ್ಮೆಲೇ ಬಿಸಿ ತಗುಲಿದರೆ ಸೀಳಬಹುದು. ನಾನು ನನ್ನ ಬಕೆಟ್ಟಿನ ಕಥೆಯನ್ನು ಅರ್ಧ ಮಾತ್ರ ಹೇಳಿದೆ.

ಕೈಯಲ್ಲಿದ್ದ ಸಾಧನವನ್ನು ತೋರಿಸಿದರು. ಹಿತ್ತಾಳೆಯ ಹಿಡಿಗೆ ಅಡ್ಡಲಾಗಿ ಒಂದೇ ಒಂದು ತೆಳುವಾದ ರಬ್ಬರ್ ಪಟ್ಟಿ. ಸ್ಕ್ವೀಜಿ ಎಂದು ಹೆಸರು. ಮೊದಲು ಬಳಕೆಯಲ್ಲಿದ್ದುದು ಎರಡು ದಪ್ಪ ರಬ್ಬರುಗಳ ಭಾರವಾದ ಉಕ್ಕಿನ ಸಲಕರಣೆ. ರಬ್ಬರು ಬದಲಿಸಬೇಕಾದರೆ 12 ತಿರುಪುಗಳನ್ನು ಬಿಚ್ಚಬೇಕಾಗಿತ್ತು. ಅದನ್ನು ‘ಷಿಕಾಗೋ ಸ್ಕ್ವೀಜಿ’ ಎಂದೇ ಕರೆಯುತ್ತಿದ್ದರು. ಎಟ್ಟೊರೆ ಸ್ಟೆಕ್ಕೋನೆ ಎಂಬ ಇಟಲಿಯ ವಲಸೆಗಾರ, ತಾನೂ ಕಿಟಕಿ ತೊಳೆಯುವವನೇ, 1936ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ಹಗುರವಾದ ಈ ರೂಪವನ್ನು ಸಿದ್ಧಪಡಿಸಿದ. ದುಡಿಯುವ ಕೈಯ ನೋವನ್ನು ಅದೇ ಕೈ ಬಲ್ಲದು.

ನಮ್ಮ ಕಿಟಕಿಯನ್ನು ನೋಡಲು ವೃದ್ಧರು ಭಾನುವಾರ ಬಂದರು. ಗಾಜನ್ನು ಉಗುರಿನಿಂದ ಕೆರೆದು, “ಬೇಸಗೆಯಲ್ಲಿ ಹುಲ್ಲಿಗೆ ನೀರು ಚಿಮ್ಮಿಸುವ ಯಂತ್ರ ಎಲ್ಲಿಡುತ್ತೀರಿ?” ಎಂದು ಕೇಳಿದರು. ಭಾವನವರು ಕಿಟಕಿಯ ಕೆಳಗಿನ ಜಾಗವನ್ನು ತೋರಿಸಿದರು. ಅಪರಾಧಿ ಸಿಕ್ಕಿಬಿದ್ದಿದ್ದ!

ಆ ಊರಿನ ನಲ್ಲಿಗಳಲ್ಲಿ ಬರುವುದು ಸರೋವರದ ನೀರೇ. ದಡದಿಂದ ಸುಮಾರು ಎರಡು ಮೈಲಿ ಒಳಗಿನಿಂದ, ಸರೋವರದ ತಳದಡಿಯ ಸುರಂಗದ ಮೂಲಕ ನೀರು ತರುವ ಏರ್ಪಾಡು 1867ರಲ್ಲಿಯೇ ಆರಂಭವಾಗಿತ್ತು. ನೋಡಲು ತಿಳಿ, ಕುಡಿಯಲು ಸಿಹಿ. ಆದರೆ ಆ ಪ್ರಾಂತದ ನೆಲದಡಿ ಸುಣ್ಣದ ಜಾತಿಯ ಕಲ್ಲಿನ ಹಾಸು ಇದೆ. ಅದನ್ನು ಕರಗಿಸಿಕೊಂಡು ಬಂದ ನೀರಿನಲ್ಲಿ ಲೀಟರಿಗೆ ಸುಮಾರು 140 ಮಿಲಿಗ್ರಾಂ ಗಡಸುತನವಿರುತ್ತದೆ. 120 ದಾಟಿದರೆ ಗಡಸು ನೀರೆಂದೇ ಲೆಕ್ಕ. ಹನಿಯೊಂದು ಗಾಜಿನ ಮೇಲೆ ಕುಳಿತು ಆರಿದಾಗ ನೀರು ಆವಿಯಾಗುತ್ತದೆ, ಇಂಗಾಲಾಮ್ಲ ಹಾರಿಹೋಗುತ್ತದೆ, ಸುಣ್ಣ ಮಾತ್ರ ಉಳಿಯುತ್ತದೆ. ಸಾಬೂನೂ ಇದಕ್ಕೆ ಮದ್ದಲ್ಲ. ಗಡಸು ನೀರಿನಲ್ಲಿ ಅದು ನೊರೆಯಾಗುವ ಬದಲು ಗಸಿಯಾಗಿ ಗಾಜಿಗೇ ಅಂಟುತ್ತದೆ.

ಇದನ್ನೆಲ್ಲ ನಾನು ಕನ್ನಡದಲ್ಲಿ ವಿವರಿಸಿದಾಗ ಅಮ್ಮ, “ನಮ್ಮೂರ ಕೊಳವೆಬಾವಿ ನೀರಿನ ಕಥೆಯೇ ಅನ್ನು. ಹುಣಸೇಹುಳಿ ಹಾಕಿ ತಿಕ್ಕಿದರೆ ಆಗದೇನೋ?” ಎಂದಳು. ನಾನು ಭಾಷಾಂತರಿಸಿದೆ. ವೃದ್ಧರು ಚೀಲದಿಂದ ವಿನಿಗರಿನ ಬಾಟಲಿ ತೆಗೆದು ತೋರಿಸಿ, “ತಾಯಿಯವರಿಗೆ ಗೊತ್ತಿದೆ” ಎಂದರು. ಸುಣ್ಣವನ್ನು ಕರಗಿಸುವುದು ಹುಳಿ. ಅದು ಹುಣಸೆಯದಾದರೇನು, ವಿನಿಗರಿನದಾದರೇನು? ಆದರೆ ಚಳಿಯಲ್ಲಿ ಹುಳಿಯ ಕೆಲಸ ನಿಧಾನ. ಉಷ್ಣತೆ 40 ಡಿಗ್ರಿ ಮುಟ್ಟಿದ ದಿನ ಬರುವೆನೆಂದು ಹೇಳಿ ಹೋದರು.

ಆ ದಿನಕ್ಕಾಗಿ ಕಾಯುತ್ತ ನಾನು ನಗರವನ್ನು ಸುತ್ತಿದೆ. ಷಿಕಾಗೋ ಗಾಜಿನ ಊರು. ಉಕ್ಕಿನ ಕಟ್ಟಿನ ಗಗನಚುಂಬಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಎದ್ದಾಗ ಗೋಡೆಗಳಿಗೆ ಭಾರ ಹೊರುವ ಕರ್ತವ್ಯ ತಪ್ಪಿತು, ಕಿಟಕಿಗಳು ಹಿಗ್ಗಿದುವು. ನಡುವೆ ಬೆಳಕಿಗಾಗಿ ಅಲುಗದ ದೊಡ್ಡ ಗಾಜು, ಎರಡು ಮಗ್ಗುಲಲ್ಲಿ ಗಾಳಿಗಾಗಿ ತೆರೆಯುವ ಕಿರಿಯ ಗಾಜುಗಳು: ಈ ವಿನ್ಯಾಸಕ್ಕೆ ‘ಷಿಕಾಗೋ ಕಿಟಕಿ’ ಎಂದೇ ಹೆಸರಾಯಿತು. 110 ಅಂತಸ್ತಿನ ವಿಲ್ಲಿಸ್ ಗೋಪುರದಲ್ಲಿ ಸುಮಾರು 16,000 ಕಿಟಕಿಗಳಿದ್ದು, ಮಾಳಿಗೆಯಿಂದ ಇಳಿಯುವ ಯಂತ್ರಗಳು ಅವನ್ನು ತೊಳೆಯುತ್ತವೆ. ಉಳಿದೆಡೆ ಹಗ್ಗಕ್ಕೆ ಜೋತುಬಿದ್ದ ಮನುಷ್ಯನೇ ಗತಿ. ಸರೋವರದ ಗಾಳಿ ಬೀಸಿದರೆ ಅವನ ಕೆಲಸ ನಿಲ್ಲಬೇಕು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಧೂಳಾಗಿ ಗಾಜಿಗೆ ಹತ್ತುತ್ತದೆ. ವಸಂತ ಬಂದೊಡನೆ ಜೇಡಗಳು ಎತ್ತರದ ಅಂತಸ್ತುಗಳಲ್ಲಿಯೂ ಬಲೆ ನೇಯುತ್ತವೆ.

ತೊಳೆದ ಗಾಜಿಗೂ ಒಂದು ಪಾಪವಿದೆ. ವಲಸೆಯ ಹಕ್ಕಿಗಳು ಸರೋವರದ ದಡ ಹಿಡಿದು ಹಾರುತ್ತವೆ; ನಿರ್ಮಲವಾದ ಗಾಜು ಅವಕ್ಕೆ ಬಯಲಿನಂತೆಯೇ ತೋರುತ್ತದೆ. 2023ರ ಅಕ್ಟೋಬರ್ 5ರಂದು ದಡದ ಮೇಲಿನ ಮೆಕಾರ್ಮಿಕ್ ಪ್ಲೇಸ್ ಭವನದ ಗಾಜಿಗೆ ಬಡಿದು ಸುಮಾರು ಒಂದು ಸಾವಿರ ಹಕ್ಕಿಗಳು ಸತ್ತುವು. 2024ರಲ್ಲಿ ಆ ಗಾಜುಗಳಿಗೆ ಸಣ್ಣ ಚುಕ್ಕಿಗಳಿರುವ ಹಾಳೆಯನ್ನು ಅಂಟಿಸಿದ ಮೇಲೆ ಸಾವುಗಳು ಬಹುಮಟ್ಟಿಗೆ ನಿಂತುವು. ಒಂದು ಕಿಟಕಿಯಿಂದ ಚುಕ್ಕಿಗಳನ್ನು ತೆಗೆಯಲು ನಾನು ಹೆಣಗುತ್ತಿದ್ದ ಊರಿನಲ್ಲಿಯೇ ಚುಕ್ಕಿಗಳನ್ನು ಇಟ್ಟು ಜೀವ ಉಳಿಸಿದ್ದರು!

ಕೊನೆಗೆ ಆ ಬೆಚ್ಚನೆಯ ದಿನವೂ ಬಂದಿತು. ವೃದ್ಧರು ವಿನಿಗರಿನಲ್ಲಿ ನೆನೆಸಿದ ಬಟ್ಟೆಯನ್ನು ಗಾಜಿಗೆ ಹಚ್ಚಿ ಬಿಟ್ಟರು, ತಿಕ್ಕಿದರು, ಮತ್ತೆ ಹಚ್ಚಿದರು. ಕಡೆಯಲ್ಲಿ ಸುಣ್ಣವೇ ಇಲ್ಲದಂತೆ ಶುದ್ಧಗೊಳಿಸಿದ ನೀರಿನಿಂದ ತೊಳೆದರು. ಅದು ತಾನಾಗಿ ಆರಿದರೂ ಕಲೆ ಉಳಿಯದು. ಮೇಲಿನ ಮೂಲೆಯಲ್ಲಿ ಮಾತ್ರ ಮೂರು ನಾಲ್ಕು ಉಂಗುರಗಳು ಹೋಗಲೇ ಇಲ್ಲ. ಬಹಳ ಕಾಲ ಬಿಟ್ಟರೆ ಸುಣ್ಣ ಗಾಜಿನ ಮೈಯನ್ನೇ ತಿನ್ನುತ್ತದೆ, ಆಮೇಲೆ ಯಾವ ಹುಳಿಗೂ ಅದು ಬಗ್ಗುವುದಿಲ್ಲ, ಸಾಣೆ ಹಿಡಿಯಬೇಕು ಎಂದರು.

ಅಮ್ಮ ಕುರ್ಚಿಯಲ್ಲಿ ಕುಳಿತು ಹೊರಗೆ ನೋಡಿದಳು. ನೀರೂ ಆಕಾಶವೂ ಕೂಡುವ ಗೆರೆ ಎಳೆಯಾಗಿ ಕಾಣುತ್ತಿತ್ತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ಕಣ್ಣಿಗೆ ಮತ್ತೆ ಪೊರೆ ಬಂತೆಂದುಕೊಂಡಿದ್ದೆ” ಎಂದಳು. “ಗಾಜಿನ ಕಲೆ ಕಾಣುತ್ತಿತ್ತು. ಅದರಾಚೆಯ ಮಂಜು ಮಾತ್ರ ನನ್ನ ಕಣ್ಣಿನದೇ ಎಂದುಕೊಂಡೆ. ಇಲ್ಲಿಯ ಡಾಕ್ಟರ ಖರ್ಚು ನಿಮ್ಮ ಭಾವನ ತಲೆಗೇಕೆಂದು ಹೇಳಲಿಲ್ಲ.”

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏಪ್ರಿಲ್ ಬರಲಿ ಎಂದವಳು ಅವಳು. ಆರು ತಿಂಗಳಲ್ಲಿ ಒಮ್ಮೆಯೂ ದೂರವಾಣಿಯಲ್ಲಿ ಕಣ್ಣಿನ ವಿಚಾರ ಕೇಳದವನು ನಾನು. ಇಬ್ಬರೂ ತಲೆ ತಗ್ಗಿಸಿದೆವು. ಆ ವಾರವೇ ಅಕ್ಕ ಅಮ್ಮನನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಳು. ಪೊರೆ ಬಂದಿರಲಿಲ್ಲ.

ಕೊಳವೆಬಾವಿಯ ನೀರನ್ನು ಬಳಸುವ ನಮ್ಮ ಮನೆಗಳಲ್ಲಿಯೂ ಕಿಟಕಿಗಳಿಗೆ, ನಲ್ಲಿಗಳಿಗೆ ಈ ಪೊರೆ ಬರುವುದುಂಟು. ಗಾಜಿನ ಮೇಲೆ ನೀರನ್ನು ಆರಲು ಬಿಡದೆ ಒಡನೆಯೇ ಒರೆಸಬೇಕು. ಕಲೆ ಹೊಸದಾಗಿರುವಾಗಲೇ ನಿಂಬೆಯ ರಸವನ್ನೋ ವಿನಿಗರನ್ನೋ ಹಚ್ಚಬೇಕು. ಅಮೃತಶಿಲೆಗೆ ಮಾತ್ರ ಹುಳಿ ತಾಗದಿರಲಿ, ಅದೂ ಸುಣ್ಣದ ಕಲ್ಲೇ. ಕಲೆ ಹಳೆಯದಾದಷ್ಟೂ ಅದು ಗಾಜಿನದೇ ಆಗಿಬಿಡುತ್ತದೆ. ಮನೆಯ ಹಿರಿಯರು ಕಿಟಕಿಯ ಬಳಿ ಕುಳಿತು ಏನನ್ನು ನೋಡುತ್ತಿದ್ದಾರೆಂದು ಆಗಾಗ ಅವರ ಪಕ್ಕದಲ್ಲಿ ಕುಳಿತು ನೋಡುವುದೂ ಒಳ್ಳೆಯದು.